ಮೇದಸ್ಸನ್ನು ಹಂಚುವ ಕಿಣ್ವ ಮತ್ತು ನಮ್ಮ ಹೃದಯ



ಕಳೆದ ಜಾತ್ರೆಯ ಸಂದರ್ಭದಲ್ಲಿ ನಡೆದ ಆರೋಗ್ಯ ತಪಾಸಣೆಯ ದಿನ, ಪ್ರಸಾದ ಮುಗಿಸಿ ಬಂದ ಒಬ್ಬ ಭಕ್ತರು ತಮ್ಮ ರಕ್ತಪರೀಕ್ಷೆಯ ಕಾಗದವನ್ನು ನನ್ನ ಮುಂದಿಟ್ಟರು. ವಯಸ್ಸು 47. ಐದು ಎಕರೆ ಕಬ್ಬು, ಒಂದು ಗೊಬ್ಬರದ ಅಂಗಡಿ. "ಕೊಲೆಸ್ಟ್ರಾಲ್ ಬರೋಬ್ಬರಿ ಐತ್ರಿ ಡಾಕ್ಟರ್ ಸಾಹೇಬ್ರ. ಈ ಟ್ರೈಗ್ಲಿಸರೈಡ್ ಅನ್ನೂದೊಂದು ಹೆಚ್ಚ ಬಂದೈತಿ. ನಾವು ಮಾಂಸ ಮುಟ್ಟಾವ್ರಲ್ಲ, ತತ್ತಿ ತಿನ್ನಾವ್ರಲ್ಲ. ಮತ್ತ ಇದೆಲ್ಲಿಂದ ಬಂತ್ರಿ?" ಎಂದು ಕೇಳಿದರು.

ಕಾಗದದಲ್ಲಿ ಒಟ್ಟು ಕೊಲೆಸ್ಟ್ರಾಲ್ 182, ಎಲ್‌ಡಿಎಲ್ 98, ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ 260 ಎಂದಿತ್ತು. ಮೊದಲ ಎರಡು ಅಂಕಿಗಳನ್ನು ನೋಡಿ ಯಾರೋ "ಚಿಂತೆಯಿಲ್ಲ" ಎಂದು ಹೇಳಿ ಕಳುಹಿಸಿದ್ದರು. ಆದರೆ ನಮ್ಮ ಭಾಗದ ಹೃದಯರೋಗದ ಕಥೆ ಅಡಗಿರುವುದು ಬಹುಪಾಲು ಆ ಕೊನೆಯ ಎರಡು ಅಂಕಿಗಳಲ್ಲಿಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ ಮತ್ತು ಚಂಡೀಗಢಗಳಲ್ಲಿ ನಡೆದ ಸಮೀಕ್ಷೆಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದ್ದವರು ಶೇ. 13.9 ಮಾತ್ರ. ಟ್ರೈಗ್ಲಿಸರೈಡ್ ಹೆಚ್ಚಿದ್ದವರು ಶೇ. 29.5. ಒಳ್ಳೆಯ ಕೊಲೆಸ್ಟ್ರಾಲ್ ಎನಿಸಿದ ಎಚ್‌ಡಿಎಲ್ ಕಡಿಮೆಯಿದ್ದವರು ಶೇ. 72.3! ಸಸ್ಯಾಹಾರಿಗಳಾದ ನಮಗೆ ಹೃದಯರೋಗ ಬಾರದು ಎಂಬ ನಂಬಿಕೆ ನಮ್ಮ ಭಕ್ತವೃಂದದಲ್ಲಿ ಬಲವಾಗಿದೆ. ಅದನ್ನು ಪ್ರಶ್ನಿಸದೆ ಈ ಲೇಖನವನ್ನು ಮುಂದುವರಿಸಲಾರೆ.

ಈ ಎರಡೂ ಅಂಕಿಗಳ ಹಿಂದೆ ಒಂದೇ ಕಿಣ್ವದ ಕೆಲಸ ಬಹಳ ಮಟ್ಟಿಗೆ ನಿಂತಿದೆ. ಅದರ ಹೆಸರು ಲೈಪೊಪ್ರೋಟೀನ್ ಲೈಪೇಸ್.

ನಾವು ಉಂಡ ತುಪ್ಪ, ಎಣ್ಣೆ, ಶೇಂಗಾಗಳಲ್ಲಿರುವ ಕೊಬ್ಬು ಕರುಳಿನಲ್ಲಿ ಜೀರ್ಣವಾದ ಬಳಿಕ ಸಣ್ಣ ಸಣ್ಣ ಗೋಲಗಳಾಗಿ ಕಟ್ಟಲ್ಪಡುತ್ತದೆ. ಉಳಿದ ಆಹಾರರಸಗಳಂತೆ ಇವು ನೇರವಾಗಿ ಯಕೃತ್ತಿಗೆ ಹೋಗುವುದಿಲ್ಲ. ದುಗ್ಧರಸ ನಾಳಗಳ ಮೂಲಕ ಮೇಲೇರಿ ಕತ್ತಿನ ಎಡಭಾಗದ ಬುಡದಲ್ಲಿ ರಕ್ತವನ್ನು ಸೇರುತ್ತವೆ. ಕೊಬ್ಬು ಹೆಚ್ಚಾದ ಊಟದ ನಂತರ ತೆಗೆದ ರಕ್ತದ ತಿಳಿಭಾಗ ಮಸುಕಾಗಿ ಕಾಣುವುದು ಇದರಿಂದಲೇ. ಇನ್ನೊಂದು ದಾರಿಯೂ ಉಂಟು. ಸಕ್ಕರೆ, ಬೆಲ್ಲ, ಬಿಳಿ ಅನ್ನ, ಮೈದಾಗಳು ದೇಹದ ಅಗತ್ಯಕ್ಕಿಂತ ಹೆಚ್ಚಾದಾಗ ಯಕೃತ್ತು ಅವುಗಳಿಂದ ತಾನೇ ಕೊಬ್ಬನ್ನು ತಯಾರಿಸಿ ಇಂಥವೇ ಗೋಲಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಮಾಂಸ ಮುಟ್ಟದ ನಮ್ಮ ಭಕ್ತರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಹೀಗೆ ಹರಿದು ಬಂದ ಕೊಬ್ಬನ್ನು ಇಳಿಸಿಕೊಳ್ಳಬೇಕಲ್ಲ! ನಮ್ಮೂರಿನವರಿಗೆ ಕಬ್ಬು ನುರಿಸುವ ಹಂಗಾಮಿನ ದೃಶ್ಯ ಕಣ್ಣಿಗೆ ಕಟ್ಟಿದಂತಿರುತ್ತದೆ. ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಯ ಬಾಗಿಲಿಗೆ ಬಂದು ನಿಲ್ಲುತ್ತವೆ. ಒಳಗೆ ಇಳಿಸುವ ಕೆಲಸ ಚುರುಕಾಗಿದ್ದರೆ ಬಂದ ಗಾಡಿ ಬರಿದಾಗಿ ಹಿಂತಿರುಗುತ್ತದೆ. ಇಳಿಸುವುದು ನಿಧಾನವಾದರೆ ಸಾಲು ಬೆಳೆಯುತ್ತ ಹೆದ್ದಾರಿಯವರೆಗೂ ಬರುತ್ತದೆ, ಅರ್ಧ ತುಂಬಿದ ಗಾಡಿ ರಸ್ತೆಯ ಬದಿಗೆ ಜಾರಿ ಸಿಕ್ಕಿಕೊಳ್ಳುತ್ತದೆ. ರಕ್ತದಲ್ಲಿ ಈ ಇಳಿಸುವ ಕೆಲಸ ಮಾಡುವುದೇ ಲೈಪೊಪ್ರೋಟೀನ್ ಲೈಪೇಸ್. ಹೃದಯ, ಕೈಕಾಲುಗಳ ಸ್ನಾಯು ಮತ್ತು ಮೇದಸ್ಸಿನ ಪದರಗಳಲ್ಲಿರುವ ಕೂದಲಿಗಿಂತ ತೆಳುವಾದ ಲೋಮನಾಳಗಳ ಒಳಗೋಡೆಗೆ ಅಂಟಿಕೊಂಡು ಅದು ಕಾದಿರುತ್ತದೆ. ಗೋಲ ಬಂದು ತಾಗಿದಾಗ ಅದರೊಳಗಿನ ಟ್ರೈಗ್ಲಿಸರೈಡನ್ನು ಸೀಳಿ ಕೊಬ್ಬಿನಾಮ್ಲಗಳನ್ನು ಬಿಡಿಸುತ್ತದೆ. ಅವು ಗೋಡೆಯಾಚೆಯ ಜೀವಕೋಶಗಳನ್ನು ಸೇರುತ್ತವೆ. ಆರೋಗ್ಯವಂತರಲ್ಲಿ ಊಟದಿಂದ ಬಂದ ಒಂದೊಂದು ಗೋಲದ ಹೊರೆ ಇಳಿಯಲು ಕೆಲವೇ ನಿಮಿಷಗಳು ಸಾಕು.

ಇದು ತಿಳಿದುಬಂದದ್ದು ಒಂದು ಆಕಸ್ಮಿಕದಿಂದ. 1943ರಲ್ಲಿ ಪಾಲ್ ಹಾನ್ ಎಂಬ ಅಮೆರಿಕದ ಸಂಶೋಧಕರು, ಊಟದ ನಂತರ ಹಾಲಿನಂತೆ ಮಸುಕಾಗಿದ್ದ ನಾಯಿಗಳ ರಕ್ತದ ತಿಳಿಭಾಗವು ಹೆಪಾರಿನ್ ಚುಚ್ಚಿದೊಡನೆ ಸ್ವಚ್ಛವಾಗುವುದನ್ನು ಕಂಡರು. ಹೆಪಾರಿನ್ ಎಂದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮದ್ದು. ಅದು ಲೋಮನಾಳಗಳ ಗೋಡೆಯಿಂದ ಈ ಕಿಣ್ವವನ್ನು ಕಳಚಿ ರಕ್ತಕ್ಕೆ ಬಿಡುತ್ತಿತ್ತು. 1955ರಲ್ಲಿ ಎಡ್ವರ್ಡ್ ಕಾರ್ನ್ ಎಂಬವರು ಇಲಿಯ ಹೃದಯದಿಂದಲೇ ಈ ಕಿಣ್ವವನ್ನು ಬೇರ್ಪಡಿಸಿ ಅದಕ್ಕೆ ಈಗಿನ ಹೆಸರನ್ನು ಕೊಟ್ಟರು. ಹೃದಯದಲ್ಲಿಯೇ ದೊರೆತುದಕ್ಕೆ ಕಾರಣವಿದೆ. ಹಗಲಿರುಳು ಬಡಿಯುವ ಈ ಅವಯವ ತನಗೆ ಬೇಕಾದ ಶಕ್ತಿಯಲ್ಲಿ ಶೇ. 60ರಿಂದ 70ರಷ್ಟನ್ನು ಕೊಬ್ಬಿನಾಮ್ಲಗಳಿಂದಲೇ ಪಡೆಯುತ್ತದೆ. ಕೊಬ್ಬು ಹೃದಯದ ವೈರಿ ಎಂದಷ್ಟೇ ಕೇಳಿ ಬೆಳೆದವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಕೊಬ್ಬು ಹೃದಯದ ಮುಖ್ಯ ಇಂಧನ. ತೊಂದರೆಯಿರುವುದು ಇಂಧನದಲ್ಲಲ್ಲ, ಅದು ಇಳಿಯದೆ ದಾರಿಯಲ್ಲಿ ನಿಲ್ಲುವುದರಲ್ಲಿ.

ಹಾಗೆ ನಿಂತಾಗ ಆಗುವುದೇನು? ಅರ್ಧ ಹೊರೆ ಇಳಿದ ಗೋಲಗಳು ಗಾತ್ರದಲ್ಲಿ ಚಿಕ್ಕದಾಗುತ್ತವೆ, ಆದರೆ ಅವುಗಳಲ್ಲಿನ ಕೊಲೆಸ್ಟ್ರಾಲ್ ಹಾಗೆಯೇ ಉಳಿದಿರುತ್ತದೆ. ಇಂಥವು ಹೃದಯದ ಧಮನಿಗಳ ಒಳಪದರವನ್ನು ನುಸುಳಿ ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಅವುಗಳನ್ನು ನುಂಗಿದ ಬಿಳಿ ರಕ್ತಕಣಗಳು ಉಬ್ಬಿ, ಸತ್ತು, ಗೋಡೆಯೊಳಗೆ ಜಿಡ್ಡಿನ ಗಂಟು ಕಟ್ಟುತ್ತವೆ. ಒಳಪದರದ ಜೀವಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸೂಸಿ ಧಮನಿಯನ್ನು ಹಿಗ್ಗಿಸುತ್ತವೆ. ರಕ್ತದಲ್ಲಿ ಕೊಬ್ಬಿನ ದಟ್ಟಣೆ ಹೆಚ್ಚಾದಾಗ ಈ ಶಕ್ತಿಯೂ ಕುಂದುತ್ತದೆ. ಕೊಬ್ಬು ಹೆಚ್ಚಿದ ಒಂದೇ ಊಟದ ನಂತರ, ಆರೋಗ್ಯವಂತರಲ್ಲಿಯೂ, ಕೆಲವು ಗಂಟೆಗಳ ಕಾಲ ಧಮನಿ ಹಿಗ್ಗುವುದು ಕಡಿಮೆಯಾಗುವುದನ್ನು 1997ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಅಳೆದು ತೋರಿಸಿದರು. ಇನ್ನು ಎಚ್‌ಡಿಎಲ್ ವಿಷಯ. ಲೈಪೇಸ್ ಗೋಲವನ್ನು ಸೀಳಿದಾಗ ಉದುರುವ ಮೇಲ್ಪದರದ ಚೂರುಗಳಿಂದ ಎಚ್‌ಡಿಎಲ್ ಪುಷ್ಟಿಗೊಳ್ಳುತ್ತದೆ. ಸೀಳುವ ಕೆಲಸ ಕುಂದಿದರೆ ಅದೂ ಸೊರಗುತ್ತದೆ. 260 ಮತ್ತು 32 ಎಂಬ ಅಂಕಿಗಳು ಜೋಡಿಯಾಗಿ ಬರುವುದು ಹೀಗೆ.

ಈ ಕಿಣ್ವದ ಶಕ್ತಿ ವಂಶದಿಂದಲೂ ಬರುತ್ತದೆ. ಕೆಲವರಲ್ಲಿ ಅದರ ರಚನೆಯ ಕಟ್ಟಕಡೆಯ ಎರಡು ಅಮೈನೋ ಆಮ್ಲಗಳು ಹುಟ್ಟಿನಿಂದಲೇ ಇರುವುದಿಲ್ಲ. ಸೋಜಿಗವೆಂದರೆ ಅಂಥವರಲ್ಲಿ ಕಿಣ್ವ ಹೆಚ್ಚು ಚುರುಕು, ಟ್ರೈಗ್ಲಿಸರೈಡ್ ಕಡಿಮೆ, ಹೃದಯರೋಗವೂ ಕಡಿಮೆ. ಇದಕ್ಕೆ ವಿರುದ್ಧವಾಗಿ ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಪ್ರತಿ ಬಂದ ಮಗುವಿನಲ್ಲಿ ಕಿಣ್ವವೇ ಕೆಲಸ ಮಾಡದು. ರಕ್ತ ಅಕ್ಷರಶಃ ಹಾಲಿನಂತಿರುತ್ತದೆ, ಎದೆಹಾಲು ಕುಡಿದ ಕೂಸು ಹೊಟ್ಟೆನೋವಿನಿಂದ ಚೀರುತ್ತದೆ. ಹತ್ತು ಲಕ್ಷಕ್ಕೆ ಒಂದೆರಡು ಕಾಣುವ ಅಪರೂಪದ ಬೇನೆಯಿದು. ಆದರೂ ಸೋದರಮಾವ, ಸೋದರತ್ತೆಯ ಮಕ್ಕಳೊಳಗೆ ಮದುವೆ ಮಾಡುವ ನಮ್ಮ ಭಾಗದಲ್ಲಿ ಇಂಥ ಕೆಟ್ಟ ಪ್ರತಿಗಳೆರಡು ಒಂದೇ ಮಗುವಿನಲ್ಲಿ ಕೂಡುವ ಸಂಭವ ಹೆಚ್ಚು ಎಂಬುದನ್ನು ಹಿರಿಯರು ಗಮನದಲ್ಲಿಡಬೇಕು. ಇಂಥ ಪೂರ್ಣ ಕೊರತೆಯಲ್ಲದೆ, ಒಂದು ಪ್ರತಿ ದುರ್ಬಲವಾಗಿದ್ದು, ಸಕ್ಕರೆ ಕಾಯಿಲೆ, ಮದ್ಯ, ಥೈರಾಯ್ಡ್ ಕೊರತೆಗಳು ಜೊತೆಗೂಡಿದಾಗ ಮಾತ್ರ ತಲೆಯೆತ್ತುವ ಸ್ಥಿತಿಗಳೂ ಉಂಟು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಸುಮಾರು ಇಪ್ಪತ್ತೆರಡು ವರ್ಷಗಳ ಹಿಂದಿನ ಮಾತು. ಸೋರಿಯಾಸಿಸ್‌ನಿಂದ ಬಳಲುತ್ತಿದ್ದ, ನಲವತ್ತರ ಒಳಗಿನ ಒಬ್ಬ ಶಿಕ್ಷಕರಿಗೆ ವಿರೇಚನ ಚಿಕಿತ್ಸೆಯನ್ನು ಯೋಜಿಸಿದೆ. ಅದಕ್ಕೆ ಪೂರ್ವಭಾವಿಯಾಗಿ ಸ್ನೇಹಪಾನ, ಅಂದರೆ ಔಷಧಸಿದ್ಧ ತುಪ್ಪವನ್ನು ದಿನದಿಂದ ದಿನಕ್ಕೆ ಪ್ರಮಾಣ ಹೆಚ್ಚಿಸುತ್ತ ಕುಡಿಸುವ ವಿಧಾನ. ಕಫ ಮತ್ತು ಮೇದಸ್ಸು ಹೆಚ್ಚಿದವರಿಗೆ ಸ್ನೇಹಪಾನ ಸಲ್ಲದು, ಮೊದಲು ರೂಕ್ಷಣ ಮಾಡಬೇಕು ಎಂದು ಚರಕ ಸಂಹಿತೆಯ ಸೂತ್ರಸ್ಥಾನದ ಸ್ನೇಹಾಧ್ಯಾಯದಲ್ಲಿಯೇ ಇದೆ. ನಾನು ಓದಿದ್ದೆ, ಬಲ್ಲೆ ಎಂದೂ ತಿಳಿದಿದ್ದೆ. ಆದರೆ ಆ ಶಿಕ್ಷಕರು ತೆಳ್ಳಗಿದ್ದರು. ಹೊಟ್ಟೆಯಿರಲಿಲ್ಲ. ಮೇದಸ್ಸನ್ನು ನಾನು ಕಣ್ಣಿನಿಂದ ಅಳೆದೆ. ಐದನೆಯ ದಿನ ಬೆಳಗಿನ ಜಾವ ಅವರಿಗೆ ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಇರಿಯುವಂಥ ನೋವು, ವಾಂತಿ. ಅಜೀರ್ಣವೆಂದು ನಾನು ಎರಡು ಗಂಟೆ ಕಳೆದೆ. ರಕ್ತ ತೆಗೆದ ಪ್ರಯೋಗಾಲಯದ ಹುಡುಗ ನಳಿಕೆಯನ್ನು ಹಿಡಿದುಕೊಂಡು ಓಡಿ ಬಂದ. ಕೆಳಗೆ ಕೆಂಪು, ಮೇಲೆ ಕೆನೆಯಂಥ ಬಿಳುಪು. ಟ್ರೈಗ್ಲಿಸರೈಡ್ 1,860. ಅದು ಮೇದೋಜೀರಕ ಗ್ರಂಥಿಯ ಉರಿಯೂತವಾಗಿತ್ತು. ಬೆಳಗಾವಿಯ ಆಸ್ಪತ್ರೆಯಲ್ಲಿ ಹದಿಮೂರು ದಿನ ಇದ್ದು ಬದುಕಿ ಬಂದರು. ಅವರ ಅಣ್ಣ 38ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು ಎಂಬುದನ್ನು ನಾನು ಕೇಳಿದ್ದು ಆ ಮೇಲೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯದು.

ಅಂದಿನಿಂದ ಲಿಪಿಡ್ ಪರೀಕ್ಷೆಯಿಲ್ಲದೆ ನಾನು ಯಾರಿಗೂ ಸ್ನೇಹಪಾನ ಮಾಡಿಸಿಲ್ಲ. ಪಂಚಕರ್ಮಕ್ಕೆ ಹೋಗುವ ಭಕ್ತರಲ್ಲಿ ನನ್ನ ವಿನಂತಿ ಇಷ್ಟೇ: ವೈದ್ಯರು ಕೇಳದಿದ್ದರೂ ಈ ಪರೀಕ್ಷೆಯನ್ನು ಮಾಡಿಸಿ ಕಾಗದವನ್ನು ಅವರ ಕೈಗೆ ಕೊಡಿರಿ. ಟ್ರೈಗ್ಲಿಸರೈಡ್ 150ರೊಳಗಿದ್ದರೆ ಸರಿ. 200 ದಾಟಿದರೆ ಹೆಚ್ಚು. 500 ದಾಟಿದರೆ ಮೇದೋಜೀರಕಕ್ಕೆ ಅಪಾಯ ಆರಂಭ, 1,000 ದಾಟಿದರೆ ಅದು ತುರ್ತು. ಇನ್ನೊಂದು ಸೂಕ್ಷ್ಮ: ಹಲವು ಪ್ರಯೋಗಾಲಯಗಳಲ್ಲಿ ಎಲ್‌ಡಿಎಲ್ ಅನ್ನು ಅಳೆಯುವುದಿಲ್ಲ, ಉಳಿದ ಅಂಕಿಗಳಿಂದ ಲೆಕ್ಕ ಹಾಕುತ್ತಾರೆ. ಟ್ರೈಗ್ಲಿಸರೈಡ್ 400 ಮೀರಿದರೆ ಆ ಲೆಕ್ಕ ನಂಬಲರ್ಹವಲ್ಲ. ಅದಕ್ಕಿಂತ ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಅನ್ನು ಕಳೆದು ನೋಡುವುದು ಸುಲಭ. ಅದು 130ರೊಳಗಿರಬೇಕು. ನಮ್ಮ ಭಕ್ತರದು 150 ಆಗಿತ್ತು. "ಬರೋಬ್ಬರಿ" ಎಂದುಕೊಂಡದ್ದು ಬರೋಬ್ಬರಿ ಇರಲಿಲ್ಲ.

ಆಯುರ್ವೇದದ ಓದುಗರು ಕೇಳಬಹುದು, ಈ ಕಿಣ್ವವೇ ನಮ್ಮ ಮೇದೋಧಾತ್ವಗ್ನಿಯೇ ಎಂದು. ಹದಿಮೂರು ಅಗ್ನಿಗಳಲ್ಲಿ ಒಂದಾದ ಅದು ಆಹಾರರಸದಿಂದ ಮೇದೋಧಾತುವನ್ನು ಪಾಕಗೊಳಿಸುತ್ತದೆ ಎಂಬುದು ಶಾಸ್ತ್ರ. ಸ್ಥೂಲನಲ್ಲಿ ಮೇದಸ್ಸು ದಾರಿಗಳನ್ನು ತಡೆಯುವುದರಿಂದ ಬೇರೆ ಧಾತುಗಳಿಗೆ ಪೋಷಣೆ ದೊರೆಯದು ಎಂದು ಚರಕರು ಹೇಳಿದ್ದಾರೆ. ಹೋಲಿಕೆ ಮನಸ್ಸಿಗೆ ಹಿತವಾಗಿದೆ. ಆದರೆ ಎರಡೂ ಒಂದೇ ಎಂದು ಹೇಳುವುದು ಚರಕರಿಗೂ ನ್ಯಾಯವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ. ಅವರು ಕಂಡದ್ದು ದೇಹದ ವ್ಯವಹಾರವನ್ನು, ಅಣುವನ್ನಲ್ಲ.

ಗುಗ್ಗುಲುವಿನ ಕಥೆಯೂ ಇದೇ ಎಚ್ಚರವನ್ನು ಕಲಿಸುತ್ತದೆ. ಸುಶ್ರುತ ಸಂಹಿತೆಯ ಮೇದೋರೋಗ ವರ್ಣನೆಯನ್ನು ಆಧರಿಸಿ ಡಾ. ಜಿ. ವಿ. ಸತ್ಯವತಿಯವರು ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಮೊಲಗಳ ಮೇಲೆ ಗುಗ್ಗುಲುವನ್ನು ಪರೀಕ್ಷಿಸಿ 1966ರಲ್ಲಿ ಪ್ರಬಂಧವನ್ನು ಒಪ್ಪಿಸಿದರು. ಮುಂದೆ ಅವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯವು ಗುಗ್ಗುಲುವಿನ ಸಾರವನ್ನು ಔಷಧವಾಗಿಸಿತು. ನಾವೆಲ್ಲ ಹೆಮ್ಮೆಪಟ್ಟೆವು, ಬರೆದುಕೊಟ್ಟೆವು. 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಮಾತ್ರ ಅದರಿಂದ ಎಲ್‌ಡಿಎಲ್ ಇಳಿಯಲಿಲ್ಲ, ತುಸು ಏರಿತು. ಕೆಲವರಿಗೆ ಮೈಮೇಲೆ ದದ್ದು ಬಂತು. ಅಲ್ಲಿಯ ಆಹಾರ ಬೇರೆ, ಜನ ಬೇರೆ ಎಂದು ವಾದಿಸುವವರಿದ್ದಾರೆ. ನಾನೂ ಕೆಲಕಾಲ ಹಾಗೆ ವಾದಿಸಿದವನೇ. ಈಗ ನಾನು ಗುಗ್ಗುಲುವನ್ನು ಸಂಧಿವಾತಕ್ಕೆ ಬಳಸುತ್ತೇನೆ. ಹೃದಯತಜ್ಞರು ಕೊಟ್ಟ ಸ್ಟ್ಯಾಟಿನ್ ಮಾತ್ರೆಯನ್ನು ನಿಲ್ಲಿಸಿ ಅದರ ಜಾಗದಲ್ಲಿ ಗುಗ್ಗುಲು ಕೊಡಿ ಎಂದು ಕೇಳುವವರಿಗೆ ಸ್ಪಷ್ಟವಾಗಿ ಇಲ್ಲವೆನ್ನುತ್ತೇನೆ.

ಅಲೋಪಥಿಯಲ್ಲಿಯೂ ಹಾದಿ ಸರಳವಾಗಿಲ್ಲ. ಲೈಪೇಸ್‌ನ ಕೆಲಸವನ್ನು ಹೆಚ್ಚಿಸುವ ಫೈಬ್ರೇಟ್ ವರ್ಗದ ಒಂದು ಹೊಸ ಔಷಧವನ್ನು ಹತ್ತು ಸಾವಿರಕ್ಕೂ ಹೆಚ್ಚು ಮಧುಮೇಹಿಗಳಲ್ಲಿ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಟ್ರೈಗ್ಲಿಸರೈಡ್ ಕಾಲುಭಾಗದಷ್ಟು ಇಳಿಯಿತು, ಹೃದಯಾಘಾತಗಳು ಕಡಿಮೆಯಾಗಲಿಲ್ಲ. ಗೋಲಗಳು ಚಿಕ್ಕದಾದವೇ ಹೊರತು ರಕ್ತದಿಂದ ಹೊರಹೋಗಲಿಲ್ಲ ಎಂಬುದು ತಜ್ಞರ ವಿವರಣೆ. ಟ್ರೇಲರಿನಿಂದ ಕಬ್ಬು ಇಳಿಯಿತು, ಟ್ರೇಲರು ಮಾತ್ರ ರಸ್ತೆಯಲ್ಲಿಯೇ ನಿಂತಿತು! ಮೇದೋಜೀರಕವನ್ನು ಕಾಪಾಡಲು ಫೈಬ್ರೇಟ್ ಇಂದಿಗೂ ಬೇಕು. ಹೃದಯವನ್ನು ಕಾಪಾಡಲು ಮೊದಲ ಸ್ಥಾನ ಸ್ಟ್ಯಾಟಿನ್‌ಗೇ. ಕಿಣ್ವ ಹೆಚ್ಚಿದಷ್ಟೂ ಒಳ್ಳೆಯದೆಂದೂ ಇಲ್ಲ. ಅದು ಲೋಮನಾಳದ ಗೋಡೆಯಲ್ಲಿದ್ದರೆ ಸೇವಕ, ದೊಡ್ಡ ಧಮನಿಯ ಗೋಡೆಯೊಳಗಿನ ಬಿಳಿಕಣಗಳಲ್ಲಿದ್ದರೆ ಕೊಲೆಸ್ಟ್ರಾಲ್ ಗೋಲಗಳನ್ನು ಅಲ್ಲಿಯೇ ಹಿಡಿದಿಡುವ ಅಂಟು. ಹೃದಯದಲ್ಲಿ ಈ ಕಿಣ್ವವನ್ನು ಅತಿಯಾಗಿ ಹೆಚ್ಚಿಸಿದ ಇಲಿಗಳಲ್ಲಿ ಹೃದಯದ ಸ್ನಾಯು ಕೊಬ್ಬು ತುಂಬಿ ಸೋತುಹೋದುದನ್ನೂ ಕಂಡಿದ್ದಾರೆ.

ಹಾಗಾದರೆ ನಮ್ಮ ಕೈಯಲ್ಲಿರುವುದೇನು? ಕೊಬ್ಬು ಎಲ್ಲಿ ಇಳಿಯಬೇಕು ಎಂಬ ನಿರ್ಧಾರ. ಉಂಡ ಮೇಲೆ ಇನ್ಸುಲಿನ್ ಏರಿದಾಗ ಮೇದಸ್ಸಿನ ಪದರಗಳಲ್ಲಿ ಲೈಪೇಸ್ ಚುರುಕಾಗುತ್ತದೆ, ಕೊಬ್ಬು ಹೊಟ್ಟೆಯ ಸುತ್ತ ಸೇರುತ್ತದೆ. ಹಸಿದಿದ್ದಾಗ ಮತ್ತು ದುಡಿಯುವಾಗ ಅಲ್ಲಿ ಕುಂದಿ, ಹೃದಯ ಮತ್ತು ಸ್ನಾಯುಗಳಲ್ಲಿ ಚುರುಕಾಗುತ್ತದೆ, ಅದೇ ಕೊಬ್ಬು ಇಂಧನವಾಗಿ ಉರಿಯುತ್ತದೆ. ಹಿಂಗಾಲುಗಳ ಮೇಲೆ ಭಾರ ಬೀಳದಂತೆ ಇಲಿಗಳನ್ನು ಇಟ್ಟಾಗ ಒಂದೇ ದಿನದೊಳಗೆ ಕಾಲಿನ ಸ್ನಾಯುಗಳಲ್ಲಿ ಈ ಕಿಣ್ವದ ಕೆಲಸ ತೀವ್ರವಾಗಿ ಕುಸಿದುದನ್ನು 2003ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. ಅಂಗಡಿಯ ಕುರ್ಚಿ, ಮೋಟಾರ್ ಸೈಕಲ್, ಸಂಜೆ ಟಿವಿ ಎಂದು ದಿನ ಕಳೆಯುವ ಮನುಷ್ಯನ ಕಾಲುಗಳೂ ಇಂಥದೇ ಬಿಡುವಿನಲ್ಲಿವೆ. ಒಂದು ದಿನದ ಚುರುಕಾದ ನಡಿಗೆಯ ಫಲ ಮರುದಿನದವರೆಗೆ ಇರುತ್ತದೆ, ಎರಡು ಮೂರು ದಿನಗಳಲ್ಲಿ ಅಳಿಸಿಹೋಗುತ್ತದೆ. ಭಾನುವಾರ ಒಂದೇ ದಿನ ಹತ್ತು ಮೈಲು ನಡೆದು ಆರು ದಿನ ಕುಳಿತರೆ ನಡೆಯದು.

ನಮ್ಮ ಅಜ್ಜಂದಿರು ಗಾಣದ ಮನೆಯಲ್ಲಿ ಬಿಸಿ ಬೆಲ್ಲವನ್ನು ಬೊಗಸೆ ತುಂಬ ತಿನ್ನುತ್ತಿದ್ದರು. ಬೆಲ್ಲದ ಬಾಗೇವಾಡಿ ಎಂಬ ಹೆಸರನ್ನು ಹೊತ್ತ ಊರಿನಲ್ಲಿ ಕುಳಿತು ಬೆಲ್ಲವನ್ನು ನಿಂದಿಸಲು ನನಗೂ ನಾಲಿಗೆ ಏಳದು. ಆದರೆ ಅವರು ಕಬ್ಬು ಕಡಿದು, ಹೊರೆ ಹೊತ್ತು, ಕೊಪ್ಪರಿಗೆಯ ಮುಂದೆ ಬೆವರು ಸುರಿಸಿದವರು. ಆ ಕಾಯಕ ಹೋಗಿ ಬೆಲ್ಲ ಮಾತ್ರ ಉಳಿದಿದೆ. ಬೆಲ್ಲದಲ್ಲಿರುವುದು ಬಹುಪಾಲು ಸಕ್ಕರೆಯೇ. ಅದರ ಅರ್ಧದಷ್ಟಾದ ಫ್ರಕ್ಟೋಸ್ ಯಕೃತ್ತಿನಲ್ಲಿ ಸುಲಭವಾಗಿ ಕೊಬ್ಬಾಗುತ್ತದೆ. ಸಕ್ಕರೆ ಬಿಟ್ಟು ಬೆಲ್ಲದ ಚಹಾ ಕುಡಿದರೆ ಟ್ರೈಗ್ಲಿಸರೈಡ್ ಇಳಿಯದು. ಗೋಕಾಕದ ಕರದಂಟು ಬಾಣಂತಿಗೆ, ಕುಸ್ತಿಯ ಪೈಲ್ವಾನರಿಗೆ ಪುಷ್ಟಿ. ಗೊಬ್ಬರದ ಅಂಗಡಿಯಲ್ಲಿ ಕುಳಿತವರಿಗೆ ಹಬ್ಬಕ್ಕೊಂದು ತುಣುಕು ಸಾಕು. ಶ್ರಾವಣ ಸೋಮವಾರದ ಉಪವಾಸವೂ ಹಾಗೆಯೇ. ಹೊಟ್ಟೆ ಖಾಲಿಯಿದ್ದರೆ ಲೈಪೇಸ್ ಹೃದಯದ ಕಡೆ ವಾಲುತ್ತದೆ. ಸಾಬುದಾಣಿ ಖಿಚಡಿ, ಬಾಳೆಹಣ್ಣು, ಸಕ್ಕರೆ ಹಾಲು ಸೇವಿಸಿ ಮಾಡಿದ ಉಪವಾಸದಲ್ಲಿ ಅದಕ್ಕೆ ಬಿಡುವೇ ದೊರೆಯದು. ಮಧುಮೇಹದ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು.

ಜೋಳದ ರೊಟ್ಟಿ, ಪುಂಡಿಪಲ್ಯ, ಮೆಂತ್ಯ, ಕಾಳುಪಲ್ಯ, ಮಜ್ಜಿಗೆ, ಒಂದು ಚಮಚ ಅಗಸಿ ಹಿಂಡಿ ಇವು ನಮ್ಮ ಮನೆಯ ಹಳೆಯ ಊಟವೇ. ಟ್ರೈಗ್ಲಿಸರೈಡ್ 200, 300 ಇರುವವರು ಮೊದಲು ಸಿಹಿ, ಮೈದಾ, ಹೆಚ್ಚಿನ ಅನ್ನ ಮತ್ತು ಮದ್ಯವನ್ನು ಬಿಡಬೇಕು. ಮದ್ಯದ ವಿಷಯದಲ್ಲಿ "ಸ್ವಲ್ಪ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1,000 ಮುಟ್ಟಿದವರ ನಿಯಮ ಬೇರೆ. ಅವರಿಗೆ ತುಪ್ಪ, ಎಣ್ಣೆ, ಶೇಂಗಾ ಎಲ್ಲವೂ, ಅಂಕಿ ಇಳಿಯುವವರೆಗೆ, ಬಹುಪಾಲು ನಿಷಿದ್ಧ. ಈ ಎರಡು ನಿಯಮಗಳನ್ನು ಅದಲುಬದಲು ಮಾಡಿಕೊಂಡು ತೊಂದರೆಗೆ ಸಿಕ್ಕವರನ್ನು ಕಂಡಿದ್ದೇನೆ. ಎದೆ ಹಿಂಡಿದಂತಾಗಿ, ಎಡಗೈ ಅಥವಾ ದವಡೆಗೆ ನೋವು ಹರಿದು, ಬೆವರು ಬಿಟ್ಟರೆ ವಾಯುವೆಂದು ಸೋಡಾ ಕುಡಿದು ಮಲಗಬೇಡಿರಿ, ನನ್ನ ಬಳಿಗೂ ಬರಬೇಡಿರಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯನ್ನು ರಾಜ್ಯದಲ್ಲಿ ಮಾಡಲಾಗಿದೆ. ನೇರವಾಗಿ ಅಲ್ಲಿಗೆ ಹೋಗಿರಿ.

ನಮ್ಮ ಗೊಬ್ಬರದ ಅಂಗಡಿಯ ಭಕ್ತರು ಮೂರು ತಿಂಗಳ ನಂತರ ಮತ್ತೆ ಬಂದರು. ಅಂಗಡಿಗೆ ನಡೆದುಕೊಂಡೇ ಹೋಗುತ್ತಿದ್ದಾರೆ. ಚಹಾದ ಬೆಲ್ಲ ಬಿಟ್ಟಿದ್ದಾರೆ, ರಾತ್ರಿಯ ಅನ್ನವನ್ನೂ ಬಿಟ್ಟಿದ್ದಾರೆ. ಟ್ರೈಗ್ಲಿಸರೈಡ್ 168ಕ್ಕೆ ಇಳಿದಿತ್ತು. ಎಚ್‌ಡಿಎಲ್ 34ರಲ್ಲಿಯೇ ನಿಂತಿತ್ತು, ಅದು ಅಷ್ಟು ಬೇಗ ಏರುವುದಿಲ್ಲ. ತಂದೆಯವರು ಯಾವ ವಯಸ್ಸಿನಲ್ಲಿ, ಹೇಗೆ ತೀರಿಕೊಂಡರು ಎಂದು ಕೇಳಿದೆ. "ಐವತ್ತೆರಡಕ್ಕ್ರಿ, ಹೊಲದಾಗ ಎದಿ ಹಿಡ್ಕೊಂಡು ಕುಂತ್ರು" ಎಂದರು. ಬೆಳಗಾವಿಯ ಹೃದಯತಜ್ಞರಿಗೆ ಪತ್ರ ಬರೆದುಕೊಟ್ಟು, ಮುಂದಿನ ಬಾರಿ ಬರುವಾಗ ಇಪ್ಪತ್ತಮೂರು ವರ್ಷದ ಮಗನನ್ನೂ ಬರಿಹೊಟ್ಟೆಯಲ್ಲಿ ಕರೆತರಲು ಹೇಳಿದ್ದೇನೆ.